ಸಾಲಿಗೆ ಬಾರದವರು

ಒಂದೇ ಥರದ್ದು ಒಂದರ ಹಿಂದೊಂದು ಬಂದರೆ ನಮ್ಮವರಿಗೆ ಸುಮ್ಮನೆ ಕೂರಲು ಆಗುವುದಿಲ್ಲ. ಬೀದಿಯ ಮೂರು ಮನೆಗಳಲ್ಲಿ ಸಾಲಾಗಿ ಹೆಣ್ಣು ಮಗು ಹುಟ್ಟಿದರೆ ನಾಲ್ಕನೆಯ ಮನೆಯ ಬಸುರಿಗೆ ಎದುರುಮನೆ ಅಜ್ಜಿ ಆಗಲೇ ಹೆಸರು ಹುಡುಕಿಟ್ಟಿರುತ್ತಾರೆ. ಕ್ರಿಕೆಟ್ ನಾಯಕ ನಾಲ್ಕು ಸಲ ಟಾಸ್ ಸೋತರೆ ಅವನ ಜಾತಕ ಟೀವಿಗೆ ಬರುತ್ತದೆ. ಎರಡು ಭಾನುವಾರ ಮಳೆ ಸುರಿದರೆ ಮೂರನೆಯ ಭಾನುವಾರದ ಮದುವೆಗೆ ಶಾಮಿಯಾನದವನು ಕೇಳದೆಯೇ ತಗಡಿನ ಚಪ್ಪರದ ರೇಟು ಹೇಳುತ್ತಾನೆ. ಬಗೆಬಗೆಯಾಗಿ ಬಂದದ್ದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಒಂದೇ ಬಗೆಯಾಗಿ ಬಂದದ್ದಕ್ಕೆ ಮಾತ್ರ ಕಾರಣ ಬೇಕು, ಅದೂ ಕಾಫಿ ಆರುವುದರೊಳಗೆ ಬೇಕು.

ನನ್ನ ಸೋದರಮಾವ ಈ ವಿದ್ಯೆಯಲ್ಲಿ ಪಾರಂಗತರು. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಸಂಖ್ಯೆಗಳ ಮೇಲೆ ಪ್ರೀತಿ ಉಂಟು. ಸಂಖ್ಯೆಗಳು ತಮಗೇನೋ ಹೇಳಲು ಹವಣಿಸುತ್ತಿವೆ ಎಂಬ ಗುಮಾನಿ ಪ್ರೀತಿಗಿಂತ ಜಾಸ್ತಿ ಉಂಟು. ಆಟೋ ನಂಬರು, ಕರೆಂಟು ಬಿಲ್ಲಿನ ನಂಬರು, ಆಸ್ಪತ್ರೆಯ ಟೋಕನ್ನು, ಯಾವುದು ಸಿಕ್ಕರೂ ಅಂಕಿಗಳನ್ನು ಕೂಡಿಸಿ ನೋಡುತ್ತಾರೆ. ಮೂರು ದಿನ ಬಿಡದೆ ಒಂಬತ್ತು ಬಂತೋ, ನಾಲ್ಕನೆಯ ದಿನ ಯಾರಿಗೂ ಕೈಗಡ ಕೊಡುವುದಿಲ್ಲ. "ಕೈಗಡ ಕೊಡದಿರೋಕೆ ನಿಮಗೆ ಒಂಬತ್ತು ಬೇರೆ ಬೇಕೇನ್ರೀ?" ಎಂದು ಅತ್ತೆ ಅಡುಗೆಮನೆಯಿಂದಲೇ ಕೇಳುತ್ತಾರೆ.

ಮಾವನ ಅತಿ ಪ್ರಿಯವಾದ ಲೆಕ್ಕ ಭಾಗಾಕಾರ. ಭಾಗಾಕಾರದಲ್ಲೂ ಶೇಷ. ಶಾಲೆಯಲ್ಲಿ ಮೇಷ್ಟರ ಕಣ್ಣೆಲ್ಲ ಭಾಗಲಬ್ಧದ ಮೇಲಿರುತ್ತಿತ್ತು. ಕೊನೆಗೆ ಉಳಿದದ್ದನ್ನು ಮೂಲೆಯಲ್ಲಿ ಬರೆದು ಅಡಿಗೆರೆ ಎಳೆದರೆ ಅದರ ಸಂಸಾರ ಮುಗಿಯಿತು. ಶಾಲೆಯಿಂದ ಹೊರಗೆ ಬಂದು ನೋಡಿದರೆ ದರ್ಬಾರೆಲ್ಲ ಶೇಷದ್ದೇ. ಇವತ್ತಿಗೆ ನೂರು ದಿನಕ್ಕೆ ಯಾವ ವಾರ ಎಂದು ಕೇಳಿದರೆ ನೂರನ್ನು ಏಳರಿಂದ ಭಾಗಿಸಿ ಉಳಿದ ಎರಡನ್ನು ಮಾತ್ರ ಎಣಿಸುತ್ತೇವೆ. ಸಿಕ್ಕಿದ ಹದಿನಾಲ್ಕನ್ನು ಯಾರೂ ಮೂಸಿ ನೋಡುವುದಿಲ್ಲ. ಮನೆ ಕಟ್ಟುವವರ ಆಯದ ಲೆಕ್ಕವಂತೂ ಪೂರ್ತಿ ಶೇಷದ ಮೇಲೆ ನಿಂತಿದೆ. ಉದ್ದವನ್ನೂ ಅಗಲವನ್ನೂ ಗುಣಿಸಿ, ಬಂದದ್ದನ್ನು ಎಂಟರಿಂದ ಭಾಗಿಸಬೇಕು. 1 ಉಳಿದರೆ ಧ್ವಜಾಯ, 2 ಧೂಮ, 3 ಸಿಂಹ, 4 ಶ್ವಾನ, 5 ವೃಷಭ, 6 ಖರ, 7 ಗಜ. ಏನೂ ಉಳಿಯದಿದ್ದರೆ ಕಾಕ. ಬೆಸ ಉಳಿದರೆ ಶುಭ. ಸಮ ಉಳಿದರೆ ಹೊಗೆ, ನಾಯಿ, ಕತ್ತೆ, ಕಾಗೆ. ಕೆಲವರು ಮೊದಲು ಒಂಬತ್ತರಿಂದ ಗುಣಿಸಿ ಆಮೇಲೆ ಎಂಟರಿಂದ ಭಾಗಿಸುತ್ತಾರೆ. ಒಂಬತ್ತರಲ್ಲಿ ಎಂಟು ಕಳೆದರೆ ಒಂದೇ ಆದ್ದರಿಂದ ಎರಡು ದಾರಿಯಲ್ಲೂ ಉಳಿಯುವುದು ಅಷ್ಟೇ. ಗುಣಾಕಾರದ ಶ್ರಮ ಮಾತ್ರ ಹೆಚ್ಚು, ದಕ್ಷಿಣೆಯೂ ಅದಕ್ಕೆ ತಕ್ಕಂತೆ.

ಈಗ ಬೆಂಗಳೂರಿನ ಸೈಟುಗಳನ್ನು ನೋಡಿ. ಇಪ್ಪತ್ತು ಮೂವತ್ತು ಎಂದರೆ 600, ಎಂಟರಿಂದ ಭಾಗಿಸಿದರೆ ಏನೂ ಉಳಿಯದು. ಮೂವತ್ತು ನಲವತ್ತು, 1200, ಏನೂ ಉಳಿಯದು. ನಲವತ್ತು ಅರವತ್ತು, 2400, ಅದೂ ಸೊನ್ನೆ. ಐವತ್ತು ಎಂಬತ್ತು, 4000, ಅದೂ ಸೊನ್ನೆ. ಬಡವನಿಂದ ಶ್ರೀಮಂತನವರೆಗೆ ಸಾಲಾಗಿ ಎಲ್ಲರಿಗೂ ಕಾಕಾಯ! ಮಾವ ಇದನ್ನು ಕಂಡುಹಿಡಿದ ದಿನ ಅವರ ಮುಖ ನೋಡಬೇಕಿತ್ತು. "ಅದಕ್ಕೇ ನೋಡು, ಊರು ಹೀಗಾಗಿದೆ" ಎಂದರು. ಟ್ರಾಫಿಕ್ಕು, ನೀರಿನ ತಾಪತ್ರಯ, ಕೆರೆಯ ನೊರೆ, ಎಲ್ಲಕ್ಕೂ ಒಂದೇ ಏಟಿಗೆ ಕಾರಣ ಸಿಕ್ಕಿಬಿಟ್ಟಿತು.

ಈ ಸೊನ್ನೆಗಳ ಸಾಲಿಗೆ ಕಾರಣ ಇರುವುದು ನಿಜ, ಆದರೆ ಕಾಗೆಗೂ ಅದಕ್ಕೂ ಸಂಬಂಧವಿಲ್ಲ. ಎರಡು ಅಳತೆಯೂ ಹತ್ತರ ಲೆಕ್ಕದಲ್ಲಿವೆ. ಹತ್ತು ಹತ್ತಲ ನೂರರೊಳಗೆ ನಾಲ್ಕು ಅಡಗಿದೆ. ಉಳಿದ ಎರಡು ಅಂಕಿಗಳಲ್ಲಿ ಒಂದಾದರೂ ಸಮವಾಗಿದ್ದರೆ ಎಂಟು ತಾನಾಗಿ ಬಂತು. ಅಳತೆಗೆ ದುಂಡು ಸಂಖ್ಯೆ ಆರಿಸಿದವರು ಗೊತ್ತಿಲ್ಲದೆ ಕಾಗೆಯನ್ನೂ ಆರಿಸಿದ್ದಾರೆ. ಮೇಸ್ತ್ರಿಗಳು ಜಾಣರು. ಸುತ್ತ ಜಾಗ ಬಿಡುವ ನೆಪದಲ್ಲಿ ಒಂದಡಿ ಆಚೆ ಈಚೆ ಮಾಡಿ, ಇಪ್ಪತ್ತೊಂಬತ್ತು ಮೂವತ್ತೊಂಬತ್ತಲ 1131, ಶೇಷ ಮೂರು, ಸಿಂಹಾಯ ಎಂದು ಘೋಷಿಸಿ ಮನೆಯವರಿಗೆ ಊಟ ಸೇರುವಂತೆ ಮಾಡುತ್ತಾರೆ.

ಈ ಆಯದ ಜಂಜಾಟವೇ ಇಲ್ಲದ ಒಂದು ಕುಲವಿದೆ. ಅವು ಅವಿಭಾಜ್ಯ ಸಂಖ್ಯೆಗಳು: ಒಂದನ್ನೂ ತಮ್ಮನ್ನೂ ಬಿಟ್ಟರೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದವು. 2, 3, 5, 7, 11, 13 ಎಂದು ಹೊರಟ ಇವಕ್ಕೆ ಕೊನೆಯಿಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆ ತೋರಿಸಿಕೊಟ್ಟಿದ್ದಾನೆ. ಎರಡೊಂದನ್ನು ಬಿಟ್ಟರೆ ಎಲ್ಲವೂ ಬೆಸ. ಹಾಗಾಗಿ ಎಂಟರಿಂದ ಭಾಗಿಸಿದರೆ ಉಳಿಯುವುದು 1, 3, 5 ಇಲ್ಲವೇ 7. ಧ್ವಜ, ಸಿಂಹ, ವೃಷಭ, ಗಜ. ಕುಲಕ್ಕೆ ಕುಲವೇ ಶುಭ ಆಯದಲ್ಲಿ ಹುಟ್ಟಿದೆ. ಇದನ್ನು ಹೇಳಿದಾಗ ಮಾವ ಕುರ್ಚಿಯ ತುದಿಗೆ ಬಂದರು. "ಹಾಗಾದ್ರೆ ವಿಸ್ತೀರ್ಣಾನೇ ಅವಿಭಾಜ್ಯ ಆಗೋ ಹಾಗೆ ಕಟ್ಟಿದ್ರೆ?" ಕಟ್ಟಬಹುದು ಮಾವ, ಆದರೆ ಅಡಿಗಳ ಪೂರ್ಣ ಲೆಕ್ಕದಲ್ಲಿ ಅಂಥ ಮನೆಗೆ ಒಂದು ಕಡೆ ಒಂದಡಿಯೇ ಅಗಲ ಇರಬೇಕು, ಇಲ್ಲದಿದ್ದರೆ ಎರಡು ಅಳತೆ ಗುಣಿಸಿ ಬಂದದ್ದು ಅವಿಭಾಜ್ಯ ಹೇಗಾದೀತು? ಬೆಂಗಳೂರಿನ ನೆಲದ ಬೆಲೆ ನೋಡಿದರೆ ಅಂಥ ಮನೆಗಳೂ ಬಂದಾವು.

ನೂರರೊಳಗಿನ ಇಪ್ಪತ್ತೈದು ಅವಿಭಾಜ್ಯಗಳಲ್ಲಿ 2ನ್ನು ಬದಿಗಿಟ್ಟು ಉಳಿದವನ್ನು ಆಯಕ್ಕೆ ಹಂಚಿದರೆ ಸಿಂಹಕ್ಕೆ ಏಳು, ವೃಷಭಕ್ಕೆ ಆರು, ಗಜಕ್ಕೆ ಆರು, ಧ್ವಜಕ್ಕೆ ಐದು. ಉತ್ತಮೋತ್ತಮ ಎನ್ನುವ ಧ್ವಜಾಯಕ್ಕೇ ಕಡಿಮೆ! ಅದಕ್ಕೂ ಒಂದು ಕಾರಣ ಉಂಟು, ಆಮೇಲೆ ಹೇಳುತ್ತೇನೆ. ಅವಿಭಾಜ್ಯಗಳನ್ನು ಕ್ರಮವಾಗಿ ಬರೆದುಕೊಂಡು ಹೋದಾಗ ಅಕ್ಕಪಕ್ಕದ ಎರಡಕ್ಕೆ ಒಂದೇ ಆಯ ಬರುವುದು ಮೊದಲ ಬಾರಿಗೆ 89 ಮತ್ತು 97ರಲ್ಲಿ. ಎರಡೂ ಧ್ವಜ. ಹಿಂದುಳಿದವನ ಮನೆಗೇ ಮೊದಲ ಜೋಡಿ ಬಂತು.

ಎಂಟು ಸ್ವಲ್ಪ ದೊಡ್ಡದಾಯಿತು ಎನ್ನುವವರು ನಾಲ್ಕರಿಂದ ಭಾಗಿಸಿ ನೋಡಬಹುದು. ಆಗ ಪಕ್ಷಗಳು ಎರಡೇ: ಒಂದು ಉಳಿಯುವವು, ಮೂರು ಉಳಿಯುವವು. 5, 13, 17 ಮೊದಲ ಪಕ್ಷ. 3, 7, 11 ಎರಡನೆಯದು. ಸಾಮಾನ್ಯವಾಗಿ ಆಚೆಯದೊಂದು ಈಚೆಯದೊಂದು ಬರುತ್ತಿರುತ್ತದೆ. ನಡುವೆ ಇದ್ದಕ್ಕಿದ್ದಂತೆ 199, 211, 223, 227 ಎಂದು ನಾಲ್ಕು ಅವಿಭಾಜ್ಯಗಳು ಒಟ್ಟಿಗೆ ಮೂರನ್ನೇ ಉಳಿಸುತ್ತವೆ. ಮುಂದೆ ಹೋದರೆ 463, 467, 479, 487, 491, 499, 503: ಏಳೂ ಮೂರರ ಪಕ್ಷ. ಇನ್ನೂ ಮುಂದೆ 11593, 11597, 11617, 11621, 11633, 11657, 11677, 11681, 11689 ಎಂದು ಒಂಬತ್ತು ಒಂದರ ಪಕ್ಷದವು ಸಾಲಾಗಿ ನಿಂತಿವೆ. ಹತ್ತನೆಯದಾಗಿ 11699 ಬಂದು ಮೂರು ಉಳಿಸಿ ಸಾಲು ಮುರಿಯುತ್ತದೆ.

"ನೋಡಿದ್ಯಾ, ಒಂಬತ್ತು!" ಎಂದರು ಮಾವ. ಆ ಒಂಬತ್ತು ಸಂಖ್ಯೆಗಳಲ್ಲಿ ಏನೋ ಒಂದು ವಿಶೇಷ ಶಕ್ತಿ ಇದೆ ಎಂಬುದು ಅವರ ಮತ. ನಾನೂ ಅವನ್ನು ತಿರುಗಿಸಿ ಮುರುಗಿಸಿ ನೋಡಿದೆ, ಏನೂ ಕಾಣಲಿಲ್ಲ. ಅವು ಇದ್ದಲ್ಲಿ ಇವೆ, ಅಷ್ಟೇ. ಕುತೂಹಲ ಇರುವುದು ಆ ಸಾಲಿಗೆ ಬಾರದವರಲ್ಲಿ.

11593ಕ್ಕೂ 11699ಕ್ಕೂ ನಡುವೆ, ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುವ ಸಂಖ್ಯೆಗಳು ಇಪ್ಪತ್ತಾರು ಇವೆ. ಅವುಗಳಲ್ಲಿ ಒಂದೇ ಒಂದು ಅವಿಭಾಜ್ಯವಾಗಿದ್ದರೂ ಸಾಲು ತುಂಡಾಗುತ್ತಿತ್ತು. ಇಪ್ಪತ್ತಾರಕ್ಕೆ ಇಪ್ಪತ್ತಾರೂ ಯಾರದೋ ಮಗ್ಗಿಗೆ ಸಿಕ್ಕಿಬಿದ್ದಿವೆ. ಹದಿಮೂರನ್ನು ಮೂರು ಮತ್ತು ಐದೇ ಹಂಚಿಕೊಂಡವು. ಉಳಿದ ಹದಿಮೂರರ ಕಥೆ ಸ್ವಾರಸ್ಯ. 11599, 11627, 11683 ಏಳರ ಮಗ್ಗಿಯಲ್ಲಿ ಸಿಕ್ಕವು. 11671 ಹನ್ನೊಂದಕ್ಕೆ, 11687 ಹದಿಮೂರಕ್ಕೆ, 11611 ಹದಿನೇಳಕ್ಕೆ, 11647 ಹತ್ತೊಂಬತ್ತಕ್ಕೆ. 11603 ಇನ್ನೇನು ಪಾರಾಯಿತು ಎನ್ನುವಾಗ 41ರ ಕೈಗೆ, 11623 ಐವತ್ತೊಂಬತ್ತರ ಕೈಗೆ, 11651 ಅರವತ್ತೊಂದರ ಕೈಗೆ, 11659 ಎಂಬತ್ತೊಂಬತ್ತರ ಕೈಗೆ ಸಿಕ್ಕವು. 11639 ನೂರರವರೆಗಿನ ಎಲ್ಲ ಮಗ್ಗಿಗಳನ್ನೂ ತಪ್ಪಿಸಿಕೊಂಡು ಬಂದು 103ರಲ್ಲಿ ಬಿತ್ತು.

ಕೊನೆಗೆ 11663. ಇದರ ಸುದ್ದಿ ಕೇಳಿ ಮಾವನಿಗೆ ಮೈ ಜುಮ್ಮೆಂದಿತು. ನಮ್ಮ ಅಷ್ಟೋತ್ತರದ 108ನ್ನು 108ರಿಂದಲೇ ಗುಣಿಸಿದರೆ 11664. ಅದಕ್ಕಿಂತ ಒಂದೇ ಒಂದು ಕಡಿಮೆ ಈ 11663. ವರ್ಗದಲ್ಲಿ ಒಂದು ಕಳೆದದ್ದು ಯಾವಾಗಲೂ ಆಚೀಚೆಯ ಎರಡು ಸಂಖ್ಯೆಗಳ ಗುಣಲಬ್ಧ, ಆದ್ದರಿಂದ ಇದು 107 ಮತ್ತು 109ನ್ನು ಗುಣಿಸಿ ಬಂದದ್ದು. ಈ ಗಾತ್ರದ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯಲು 108ರವರೆಗೆ ಭಾಗಿಸಿ ನೋಡಿದರೆ ಸಾಕು. ಅದರೊಳಗಿನ ಕೊನೆಯ ಅವಿಭಾಜ್ಯ 107. ಎಂದರೆ ಕಟ್ಟಕಡೆಯ ಪರೀಕ್ಷೆಯವರೆಗೂ ಪಾಸಾಗುತ್ತ ಬಂದು ಕೊನೆಯದರಲ್ಲಿ ಫೇಲಾದದ್ದು ಇದು. ಇದೊಂದು ಪಾಸಾಗಿದ್ದರೆ ಒಂಬತ್ತರ ಸಾಲೂ ಇಲ್ಲ, ಈ ಬರಹವೂ ಇಲ್ಲ.

ಈ ಶೇಷದ ಪಕ್ಷಗಳಿಗೆ ಒಂದು ಇತಿಹಾಸ ಉಂಟು. 1837ರಲ್ಲಿ ಜರ್ಮನಿಯ ಡಿರಿಕ್ಲೆ, ಯಾವ ಸಂಖ್ಯೆಯಿಂದ ಭಾಗಿಸಿದರೂ ಬರಲು ಸಾಧ್ಯವಿರುವ ಪ್ರತಿ ಶೇಷದ ಪಕ್ಷದಲ್ಲೂ ಅವಿಭಾಜ್ಯಗಳು ಅನಂತವಾಗಿವೆ ಎಂದು ಸಾಧಿಸಿದ. ಹೋಗುತ್ತ ಹೋಗುತ್ತ ಎಲ್ಲ ಪಕ್ಷಗಳಿಗೂ ಸಮಪಾಲು ಸಿಗುತ್ತದೆ ಎಂಬುದೂ ಆ ಶತಮಾನ ಮುಗಿಯುವುದರೊಳಗೆ ಖಚಿತವಾಯಿತು. ಸಮಪಾಲು ಎಂದರೆ ಸಾಕೆ, ದಾರಿಯಲ್ಲಿ ಯಾರು ಮುಂದೆ ಎಂಬ ಕುತೂಹಲ ಮನುಷ್ಯನಿಗೆ ಹೋಗುತ್ತದೆಯೇ? ರಷ್ಯದ ಚೆಬಿಷೇವ್ 1853ರಲ್ಲಿ ಬರೆದ ಒಂದು ಪತ್ರದಲ್ಲಿ, ನಾಲ್ಕರಿಂದ ಭಾಗಿಸುವಾಗ ಮೂರರ ಪಕ್ಷ ಯಾವಾಗಲೂ ಸ್ವಲ್ಪ ಮುಂದಿರುವಂತೆ ಕಾಣುತ್ತದೆ ಎಂದು ಗುರುತಿಸಿದ. ಎಣಿಸಿದವರಿಗೆ ಅದು ಸುಳ್ಳೆನಿಸಲಿಲ್ಲ. ಒಂದರ ಪಕ್ಷ ಮೊದಲ ಬಾರಿ ಮುನ್ನಡೆ ಪಡೆಯುವುದು 26861ರಲ್ಲಿ. ಮರು ಅವಿಭಾಜ್ಯ 26863 ಮೂರರ ಪಕ್ಷದ್ದು, ಆ ಕ್ಷಣಕ್ಕೇ ಲೆಕ್ಕ ಸಮ. ಮತ್ತೊಮ್ಮೆ ಮುಂದೆ ಬರಲು ಒಂದರ ಪಕ್ಷ 616841ರವರೆಗೆ ಕಾಯಬೇಕಾಯಿತು. ನಮ್ಮ ವಿಧಾನಸಭೆಗಳಲ್ಲೂ ಇಷ್ಟು ಬೇಗ ಬಹುಮತ ಕಳೆದುಕೊಂಡವರು ಅಪರೂಪ. ಈ ಪಕ್ಷಗಳ ಮುನ್ನಡೆ ಅನಂತ ಸಲ ಅದಲುಬದಲಾಗುತ್ತದೆ ಎಂದು ಕೇಂಬ್ರಿಜ್‌ನ ಲಿಟಲ್‌ವುಡ್ 1914ರಲ್ಲಿ ಸಾಧಿಸಿದ. ಆದರೂ ಮೂರರ ಪಕ್ಷ ಸಾಮಾನ್ಯವಾಗಿ ಮುಂದಿರುವುದಕ್ಕೆ ಕಾರಣ ಇದು: ಬೆಸ ಸಂಖ್ಯೆಗಳ ವರ್ಗಗಳನ್ನು ನಾಲ್ಕರಿಂದ ಭಾಗಿಸಿ, ಎಂಟರಿಂದ ಭಾಗಿಸಿ, ಉಳಿಯುವುದು ಒಂದೇ. 9, 25, 49 ಎಂದು ಆ ವರ್ಗಗಳೆಲ್ಲ ಒಂದರ ಪಕ್ಷಕ್ಕೇ ಸೇರಿರುವುದರಿಂದ ಅಲ್ಲಿ ಅವಿಭಾಜ್ಯಗಳಿಗೆ ಕೊಂಚ ಜಾಗ ಕಡಿಮೆಯಾಗುತ್ತದೆ. ಧ್ವಜಾಯ ಹಿಂದುಳಿದದ್ದು ಇದಕ್ಕೇ.

ಲಿಟಲ್‌ವುಡ್‌ ಬಳಿ ಸಂಶೋಧನೆ ಮಾಡಿದ ಭಾರತೀಯರೊಬ್ಬರಿದ್ದರು, ಸರ್ವದಮನ್ ಚೌಲಾ. 1907ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ದೆಹಲಿ, ಬನಾರಸ್, ವಾಲ್ಟೇರ್, ಲಾಹೋರ್‌ಗಳಲ್ಲಿ ಪಾಠ ಹೇಳಿ, ದೇಶ ಇಬ್ಭಾಗವಾದ ಹೊತ್ತಿಗೆ ಅಮೆರಿಕಕ್ಕೆ ಹೋದವರು. ಅಕ್ಕಪಕ್ಕದ ಎರಡು ಅವಿಭಾಜ್ಯಗಳು ಒಂದೇ ಶೇಷ ಕೊಡುವ ಪ್ರಸಂಗ, ಬರಲು ಸಾಧ್ಯವಿರುವ ಶೇಷಗಳಲ್ಲಿ ನೀವು ಯಾವುದನ್ನು ಆರಿಸಿಕೊಂಡರೂ, ಅನಂತ ಸಲ ಬರುತ್ತದೆ ಎಂದು ಅವರು ಊಹಿಸಿದರು. ಎರಡೇ ಎರಡರ ಸಾಲು! ಕೇಳುವುದಕ್ಕೆ ಇಷ್ಟು ಸಣ್ಣದು. ಸಾಧಿಸಲು ಹೋದವರಿಗೆ ದಶಕಗಳು ಬೇಕಾದವು.

2000ನೇ ಇಸವಿಯಲ್ಲಿ ಡೇನಿಯಲ್ ಷಿಯು ಎಂಬ ಗಣಿತಜ್ಞ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟರು. ಎರಡಷ್ಟೇ ಏಕೆ, ಹತ್ತು, ನೂರು, ಕೋಟಿ, ನಿಮಗೆಷ್ಟು ಉದ್ದದ ಸಾಲು ಬೇಕೋ ಅಷ್ಟು ಉದ್ದದ್ದು ಇದ್ದೇ ಇದೆ ಎಂದು ಸಾಧಿಸಿದರು. ಅಂದರೆ ಸಂಖ್ಯೆಗಳ ದಾರಿಯಲ್ಲಿ ಎಲ್ಲೋ ಒಂದು ಕಡೆ ಕೋಟಿ ಅವಿಭಾಜ್ಯಗಳು, ನಡುವೆ ಒಂದೂ ಅಪವಾದವಿಲ್ಲದೆ, ಒಂಬತ್ತೆಂಬ ಅಂಕಿಯಲ್ಲೇ ಮುಗಿಯುತ್ತವೆ, ಎಂದರೆ ಹತ್ತರಿಂದ ಭಾಗಿಸಿದರೆ ಒಂಬತ್ತನ್ನೇ ಉಳಿಸುತ್ತವೆ. ಎಲ್ಲೋ ಒಂದು ಕಡೆ ಕೋಟಿ ಅವಿಭಾಜ್ಯಗಳು ಸಾಲಾಗಿ ಗಜಾಯದಲ್ಲಿವೆ. ಮಾವ ಕಣ್ಣು ಮುಚ್ಚಿ ಕೈ ಮುಗಿದರು, ಯಾರಿಗೆ ಎಂದು ಕೇಳಲಿಲ್ಲ.

ಷಿಯು ಹಿಡಿದ ದಾರಿ, ನಾವು 11593ರ ಬಳಿ ಕಂಡದ್ದನ್ನೇ ಉದ್ದೇಶಪೂರ್ವಕವಾಗಿ ಮಾಡಿದ್ದು. ಅಲ್ಲಿ ಬೇಡದ ಇಪ್ಪತ್ತಾರು ಸಂಖ್ಯೆಗಳು ತಾವಾಗಿ ಮಗ್ಗಿಗಳಿಗೆ ಸಿಕ್ಕವು. ಇಲ್ಲಿ ಮೊದಲೇ ಆಯ್ದ ಅನೇಕ ಸಣ್ಣ ಅವಿಭಾಜ್ಯಗಳನ್ನು ಗುಣಿಸಿ ಒಂದು ಭಾರೀ ಸಂಖ್ಯೆ ಕಟ್ಟುತ್ತಾರೆ. ಅದರ ಪಕ್ಕದ ಒಂದು ತುಂಡು ದಾರಿಯಲ್ಲಿ ಬೇಡದ ಶೇಷದವು ಬಹುಪಾಲು ಆ ಮಗ್ಗಿಗಳಲ್ಲಿ ಸಿಕ್ಕಿಕೊಳ್ಳುವಂತೆ, ಬೇಕಾದ ಶೇಷದವು ಪಾರಾಗುವಂತೆ ಆಯ್ಕೆ ಇರುತ್ತದೆ. ಆ ಸಂಖ್ಯೆಯ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟರ ಪಕ್ಕದಲ್ಲೂ ಅದೇ ತುಂಡು, ಅದೇ ಏರ್ಪಾಡು. ಈ ತುಂಡುಗಳನ್ನು ಒಂದರ ಕೆಳಗೊಂದು ಬರೆದು ದೊಡ್ಡ ಕೋಷ್ಟಕ ಮಾಡಿದರೆ, ಮೇಲಿಂದ ಕೆಳಕ್ಕೆ ಓದುವಾಗ ಅವಿಭಾಜ್ಯಗಳು ಎಷ್ಟು ಬೀಳುತ್ತವೆ ಎಂದು ಡಿರಿಕ್ಲೆಯ ಪರಂಪರೆಯಿಂದ ಗೊತ್ತು. ಒಟ್ಟು ಗೊತ್ತಾದ ಮೇಲೆ, ಅಡ್ಡಕ್ಕೆ ಓದುವಾಗ ಯಾವುದೋ ಒಂದು ಸಾಲಿನಲ್ಲಿ ಬೇಕಾದವು ಕಿಕ್ಕಿರಿದು, ಬೇಡದವು ವಿರಳವಾಗಿರಲೇಬೇಕು. ಈ ಕೋಷ್ಟಕದ ಉಪಾಯ ಜರ್ಮನಿಯ ಹೆಲ್ಮುಟ್ ಮೈಯರ್‌ರದು, ಅವರು 1985ರಲ್ಲಿ ಬಳಸಿದ್ದು.

ಸಾಲು ಇದೆ ಎಂದು ಗೊತ್ತಾಯಿತು. ಎಲ್ಲಿದೆ? ಇಲ್ಲಿ ಷಿಯು ಅವರ ಭರವಸೆ ಬಲು ಜಿಪುಣ. ಅವರ ಲೆಕ್ಕದಲ್ಲಿ ಸಾಲಿನ ಉದ್ದ ಲಾಗರಿದಮ್‌ನ ಲಾಗರಿದಮ್ ಬೆಳೆದಂತೆ, ಅದಕ್ಕಿಂತಲೂ ಮೆಲ್ಲಗೆ ಬೆಳೆಯುತ್ತದೆ. ಕೋಟಿ ಅಂಕಿಗಳಿರುವ ಒಂದು ಸಂಖ್ಯೆಗೆ ಒಮ್ಮೆ ಸ್ವಾಭಾವಿಕ ಲಾಗರಿದಮ್ ತೆಗೆದರೆ ಎರಡು ಕೋಟಿ ಮೂವತ್ತು ಲಕ್ಷದ ಆಸುಪಾಸು ಬರುತ್ತದೆ. ಇನ್ನೊಮ್ಮೆ ತೆಗೆದರೆ ಹದಿನೇಳು. ಕೋಟಿ ಅಂಕಿಯ ಸಂಖ್ಯೆಯನ್ನು ಬರೆಯಲು ಕುಳಿತರೆ ಹಲವು ದಪ್ಪ ಪುಸ್ತಕಗಳು ತುಂಬುತ್ತವೆ. ಭರವಸೆಯ ಮಟ್ಟಿಗೆ ಕೈಗೆ ಬರುವುದು ಹದಿನೇಳಕ್ಕಿಂತಲೂ ಕಡಿಮೆ. ನಮ್ಮ ಒಂಬತ್ತರ ಸಾಲು ಐದಂಕಿಯಲ್ಲೇ ಸಿಕ್ಕಿತಲ್ಲ ಎಂದರೆ, ಭರವಸೆ ಬೇರೆ, ಸಿಕ್ಕಿದ್ದು ಬೇರೆ. ಸರ್ಕಾರಿ ಯೋಜನೆಗಳಿಗೆ ಹೋಲಿಸಿದರೆ ಇಲ್ಲಿ ಉಲ್ಟಾ, ಕೊಟ್ಟ ಮಾತು ಚಿಕ್ಕದು, ಆದದ್ದು ದೊಡ್ಡದು.

ಇಷ್ಟು ಕೇಳಿದ ಮೇಲೆ ಅವಿಭಾಜ್ಯಗಳಿಗೆ ಸಾಲುಗಟ್ಟುವುದೆಂದರೆ ಬಲು ಇಷ್ಟ ಎಂದು ಯಾರಿಗಾದರೂ ಅನಿಸೀತು. ಇಷ್ಟವಿಲ್ಲ. 2016ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಇಬ್ಬರು, ನಮ್ಮ ನೆರೆಯ ಮದ್ರಾಸಿನಲ್ಲಿ ಬೆಳೆದ ಕಣ್ಣನ್ ಸೌಂದರರಾಜನ್ ಮತ್ತು ರಾಬರ್ಟ್ ಲೆಮ್ಕೆ ಆಲಿವರ್, ಮೊದಲ ಹತ್ತು ಕೋಟಿ ಅವಿಭಾಜ್ಯಗಳ ಬಿಡಿ ಸ್ಥಾನದ ಅಂಕಿಗಳನ್ನು ಎಣಿಸಿ ನೋಡಿದರು. ಸುಮಾರು ಎರಡೂವರೆ ಕೋಟಿ ಅವಿಭಾಜ್ಯಗಳು ಒಂದರಲ್ಲಿ ಮುಗಿಯುತ್ತವೆ. ಅವುಗಳ ಮರು ಅವಿಭಾಜ್ಯ 3ರಲ್ಲಿ ಮುಗಿದದ್ದು 74,29,438 ಸಲ. 7ರಲ್ಲಿ 75,04,612 ಸಲ. 9ರಲ್ಲಿ 54,42,345 ಸಲ. ಮತ್ತೆ 1ರಲ್ಲೇ ಮುಗಿದದ್ದು 46,23,042 ಸಲ ಮಾತ್ರ. ನಾಲ್ವರಿಗೂ ನೂರಕ್ಕೆ ಇಪ್ಪತ್ತೈದರಂತೆ ಬರಬೇಕಿತ್ತು ಎಂದುಕೊಂಡಿದ್ದರೆ, ತನ್ನಂಥದ್ದೇ ಪಕ್ಕದಲ್ಲಿ ಬಂದದ್ದು ಹದಿನೆಂಟೂವರೆ. ಮೂರರಲ್ಲಿ ಮುಗಿಯುವವೂ ಅಷ್ಟೇ, ಮುಂದೆ ಒಂಬತ್ತು ಬರಲಿ ಎನ್ನುತ್ತವೆ, ಮೂರು ಮಾತ್ರ ಬೇಡ ಎನ್ನುತ್ತವೆ. ಅವಿಭಾಜ್ಯಗಳನ್ನು ಯೂಕ್ಲಿಡನ ಕಾಲದಿಂದ ಜನ ಎಣಿಸುತ್ತ ಬಂದಿದ್ದಾರೆ. ಪಕ್ಕದ ಮನೆಯವರೊಡನೆ ಅವು ಹೇಗಿವೆ ಎಂದು ಇಷ್ಟು ಹತ್ತಿರದಿಂದ ನೋಡಿದವರು ಕಡಿಮೆ.

ಇವರಿಗೆ ಈ ಹುಚ್ಚು ಹಿಡಿದದ್ದು ಒಂದು ನಾಣ್ಯದಿಂದ. ತದಾಶಿ ತೊಕಿಯೆದಾ ಎಂಬ ಗಣಿತಜ್ಞರ ಉಪನ್ಯಾಸವೊಂದನ್ನು ಸೌಂದರರಾಜನ್ ಕೇಳಿದ್ದರು. ಅಲ್ಲಿ ಬಂದ ಮಾತು ಇದು: ಒಬ್ಬಳು ಹೆಡ್ ಬಿದ್ದು ಕೂಡಲೇ ಟೇಲ್ ಬೀಳುವವರೆಗೆ ನಾಣ್ಯ ಚಿಮ್ಮುತ್ತಾಳೆ, ಇನ್ನೊಬ್ಬ ಸತತ ಎರಡು ಹೆಡ್ ಬೀಳುವವರೆಗೆ ಚಿಮ್ಮುತ್ತಾನೆ. ಇಬ್ಬರಿಗೂ ಒಂದೇ ಹೊತ್ತು ಹಿಡಿಯಬೇಕು ಅನಿಸುತ್ತದೆ. ಹಿಡಿಯುವುದಿಲ್ಲ. ಅವಳಿಗೆ ಸರಾಸರಿ ನಾಲ್ಕು ಚಿಮ್ಮು ಸಾಕು, ಅವನಿಗೆ ಆರು ಬೇಕು. ಒಂದು ಹೆಡ್ ಬಿದ್ದ ಮೇಲೆ ಅವಳು ಎಡವಿದರೂ ಕೈಯಲ್ಲಿ ಇನ್ನೊಂದು ಹೆಡ್ ಇರುತ್ತದೆ. ಅವನು ಎಡವಿದರೆ ಮತ್ತೆ ಮೊದಲಿಂದ. ನಾಣ್ಯಕ್ಕೆ ನೆನಪಿಲ್ಲ, ಪಕ್ಷಪಾತವಿಲ್ಲ. ಆದರೂ ಒಂದೇ ಬಗೆಯ ಜೋಡಿಗೆ ಕಾಯುವವನು ಹೆಚ್ಚು ಕಾಯಬೇಕು.

ಅವಿಭಾಜ್ಯಗಳ ವಿಷಯದಲ್ಲೂ ಒಂದು ಸುಲಭ ಕಾರಣ ಎಲ್ಲರಿಗೂ ಹೊಳೆಯುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆಯವನು ನಿಮ್ಮ ಎಲೆಗೊಂದು ಹಾಕಿ ಮುಂದೆ ಹೋದನೆಂದರೆ, ಮತ್ತೆ ನಿಮ್ಮ ಬಳಿ ಬರಲು ಇಡೀ ಪಂಕ್ತಿ ಸುತ್ತಬೇಕು. ಅಷ್ಟರಲ್ಲಿ ಹೋಳಿಗೆ ಬೇರೆಯವರ ಎಲೆಗೆ ಬಿದ್ದಿರುತ್ತದೆ. ಒಂದರಲ್ಲಿ ಮುಗಿದ ಅವಿಭಾಜ್ಯಕ್ಕೆ ಇನ್ನೊಂದು ಒಂದು ಬೇಕೆಂದರೆ 3, 7, 9 ಮೂರನ್ನೂ ದಾಟಿ ಹತ್ತು ಹೆಜ್ಜೆ ಹೋಗಬೇಕು. ಮಾತು ಸರಿ, ಆದರೆ ಇಡೀ ಸತ್ಯವಲ್ಲ. ದೊಡ್ಡ ಸಂಖ್ಯೆಗಳ ನಡುವೆ ಅವಿಭಾಜ್ಯಗಳು ದೂರದೂರ ಆಗುವುದರಿಂದ, ಬರೀ ಇದೊಂದೇ ಕಾರಣವಾಗಿದ್ದರೆ ಒಲವು ಇನ್ನೂ ಬೇಗ ಕರಗಬೇಕಿತ್ತು. ಅದು ಹಟ ಹಿಡಿದು ಉಳಿದಿದೆ. ಗಣಿತಜ್ಞ ಹಾರ್ಡಿ ಮತ್ತು ಲಿಟಲ್‌ವುಡ್ 1923ರಲ್ಲಿ ಅವಿಭಾಜ್ಯಗಳ ಬಗ್ಗೆ ಮುಂದಿಟ್ಟ ಊಹೆಯನ್ನು ಒಪ್ಪಿಕೊಂಡರೆ ಈ ಹಟದ ಪ್ರಮಾಣವೂ ಲೆಕ್ಕಕ್ಕೆ ಸಿಗುತ್ತದೆ ಎಂದು ಸೌಂದರರಾಜನ್ ಮತ್ತು ಲೆಮ್ಕೆ ಆಲಿವರ್ ತೋರಿಸಿದರು. ಕಟ್ಟಕಡೆಗೆ ಎಲ್ಲವೂ ಸಮವಾಗುತ್ತದಂತೆ, ಬಹಳ ನಿಧಾನವಾಗಿ.

ಒಂದು ಕಡೆ, ತನ್ನಂಥದ್ದನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಅವಿಭಾಜ್ಯಗಳಿಗೆ ಮನಸ್ಸಿಲ್ಲ. ಇನ್ನೊಂದು ಕಡೆ, ಒಂದೇ ಬಗೆಯವು ಕೋಟಿ ಸಂಖ್ಯೆಯಲ್ಲಿ ಸಾಲಾಗಿ ಕೂತ ಜಾಗ ಇದ್ದೇ ಇದೆ. ಎರಡೂ ನಿಜ, ಒಂದಕ್ಕೊಂದು ಅಡ್ಡಿಯಿಲ್ಲ. ಮೊದಲನೆಯದು ಸರಾಸರಿಯ ಮಾತು, ಎರಡನೆಯದು ಅನಂತದ ಮಾತು. ದಾರಿಗೆ ಕೊನೆಯಿಲ್ಲದಿದ್ದರೆ ಅಪರೂಪಕ್ಕೂ ಅದರ ಸರದಿ ಬರುತ್ತದೆ. ಅಷ್ಟೇಕೆ, ಇಂಥ ಸಾಲುಗಳು ನಾವು ಹೆದರಿದಷ್ಟು ಅಪರೂಪವೂ ಅಲ್ಲ. ಸಾಲಿನ ಉದ್ದವನ್ನು ಮೊದಲೇ ಹೇಳಿಬಿಟ್ಟರೆ, ಅಷ್ಟುದ್ದದ ಸಾಲು ಆರಂಭಿಸುವ ಅವಿಭಾಜ್ಯಗಳು ಒಟ್ಟು ಅವಿಭಾಜ್ಯಗಳಲ್ಲಿ ಒಂದು ನಿಶ್ಚಿತ ಪಾಲು ಇದ್ದೇ ಇರುತ್ತವೆ, ಪಾಲು ಎಷ್ಟೇ ಚಿಕ್ಕದಿರಲಿ, ಎಂದು ಇಂಗ್ಲೆಂಡಿನ ಜೇಮ್ಸ್ ಮೇನಾರ್ಡ್ ಸಾಧಿಸಿದ್ದಾರೆ. 2022ರಲ್ಲಿ ಫೀಲ್ಡ್ಸ್ ಪದಕ ಪಡೆದವರಲ್ಲಿ ಅವರೂ ಒಬ್ಬರು.

ಕಣ್ಣಿಗೆ ಕಾಣುವ ಸಾಲು ಬೇಕೆನ್ನುವವರಿಗೆ 1998ರಲ್ಲಿ ಸಿಕ್ಕಿದ್ದೊಂದಿದೆ. ಹತ್ತು ಅವಿಭಾಜ್ಯಗಳು, ಪ್ರತಿಯೊಂದಕ್ಕೂ 93 ಅಂಕಿ, ಒಂದರಿಂದ ಮುಂದಿನದಕ್ಕೆ ಸರಿಯಾಗಿ 210ರ ಅಂತರ, ನಡುವೆ ಬೇರೊಂದು ಅವಿಭಾಜ್ಯವಿಲ್ಲ. 210 ಎಂದರೆ 2, 3, 5, 7ರ ಗುಣಲಬ್ಧ. ಹಾಗಾಗಿ ಆ ಹತ್ತನ್ನೂ 210ರಿಂದ ಭಾಗಿಸಿದರೆ ಒಂದೇ ಶೇಷ, ಹತ್ತರ ಬಿಡಿ ಸ್ಥಾನದಲ್ಲೂ ಒಂದೇ ಅಂಕಿ. ಹುಡುಕಿದವರು ಕಣ್ಣು ಮುಚ್ಚಿ ಹುಡುಕಲಿಲ್ಲ. ನಡುವೆ ಬರಬಾರದ ಸಂಖ್ಯೆಗಳು ಸಣ್ಣ ಅವಿಭಾಜ್ಯಗಳ ಮಗ್ಗಿಯಲ್ಲಿ ಆದಷ್ಟೂ ಸಿಕ್ಕಿಬೀಳುವಂತೆ ಮೊದಲೇ ಏರ್ಪಾಡು ಮಾಡಿಕೊಂಡು, ಆಮೇಲೆ ಅನೇಕ ಕಂಪ್ಯೂಟರುಗಳನ್ನು ಹಚ್ಚಿದರು. ಅವರೂ ಬಾರದವರ ವ್ಯವಸ್ಥೆ ಮಾಡಿದ ಮೇಲೆಯೇ ಬರುವವರನ್ನು ಕರೆದದ್ದು. ಇದೇ ಬಗೆಯ ಹನ್ನೊಂದರ ಸಾಲು ಬೇಕಾದರೆ ಅಂತರ ಕಡಿಮೆಯೆಂದರೂ 2310 ಇರಬೇಕು. ತಡೆಯಬೇಕಾದವರ ಪಟ್ಟಿ ಆಗ ಹನ್ನೊಂದು ಪಟ್ಟಿಗೂ ಹೆಚ್ಚು ಬೆಳೆಯುತ್ತದೆ.

"ಇದರಿಂದ ಏನು ಪ್ರಯೋಜನ?" ಎಂದು ಅತ್ತೆ ಕೇಳಿದರು. ಮಾವ ಉತ್ತರಕ್ಕೆ ನನ್ನ ಮುಖ ನೋಡಿದರು. ತಿಂಗಳ ಖರ್ಚಿಗಂತೂ ಏನೂ ಇಲ್ಲ ಅತ್ತೆ ಎಂದೆ. ಮನಸ್ಸಿಗೆ ಮಾತ್ರ ಒಂದು ಲಾಭ ಇದೆ. ಸಾಲು ಕಂಡಾಗ ನಮ್ಮ ಕಣ್ಣು ಬಂದವರ ಮುಖ ನೋಡಿ ಶಕುನ ಹೇಳುತ್ತದೆ. ಸಾಲನ್ನು ಕಟ್ಟಿದ್ದು ಬಾರದೇ ಉಳಿದವರು. ಅವರೊಬ್ಬೊಬ್ಬರಿಗೂ ಬೇರೆ ಬೇರೆ, ತೀರ ಸಾಮಾನ್ಯವಾದ ಅಡ್ಡಿಗಳಿದ್ದವು. ಒಬ್ಬನನ್ನು ಮೂರು ಹಿಡಿಯಿತು, ಒಬ್ಬನನ್ನು ಏಳು, ಒಬ್ಬನನ್ನು 107. ಆ ಅಡ್ಡಿಗಳೆಲ್ಲ ಸೇರಿ ಪಿತೂರಿ ಮಾಡಿರಲಿಲ್ಲ. ಬೀದಿಯ ಹೆಣ್ಣು ಮಕ್ಕಳ ಸಾಲಿಗೂ ಟಾಸ್ ಸೋತವನ ಜಾತಕಕ್ಕೂ ಇಷ್ಟು ವಿವೇಕ ಸಾಕು.

ಮಾವ ಪೂರ್ತಿ ಒಪ್ಪಲಿಲ್ಲ, ಒಪ್ಪುವವರೂ ಅಲ್ಲ. ನೀವೂ ನನ್ನ ಮಾತು ನಂಬಬೇಕಿಲ್ಲ. ಮನೆಯಲ್ಲಿ ಮಗ್ಗಿ ಕಲಿತ ಮಕ್ಕಳಿದ್ದರೆ ಮಳೆಗಾಲದ ಒಂದು ಮಧ್ಯಾಹ್ನ ಅವರಿಗೊಂದು ಹಾಳೆ ಕೊಟ್ಟು, ಆ ಇಪ್ಪತ್ತಾರು ಸಂಖ್ಯೆಗಳನ್ನು ಬರೆಸಿ, ಯಾರನ್ನು ಯಾರು ಹಿಡಿದರು ಎಂದು ಹುಡುಕಲು ಹೇಳಿ. 107ರವರೆಗೆ ಭಾಗಿಸಲು ಬಂದರೆ ಸಾಕು, ಕ್ಯಾಲ್ಕ್ಯುಲೇಟರ್ ಕೊಡಬೇಡಿ.